ಟಿಕಬೂ ಕಣಿವೆಯ ಎರಡು ಪತಂಗಗಳು: ಒಂದು ಪ್ರಕರಣ ಅಧ್ಯಯನ

ಅಮೆರಿಕದ ನೆವಾಡಾ ರಾಜ್ಯದಲ್ಲಿ, ಲಾಸ್ ವೇಗಸ್‌ನಿಂದ ಉತ್ತರಕ್ಕೆ ಹೋದರೆ ಟಿಕಬೂ ಎಂಬ ಒಣ ಕಣಿವೆ ಸಿಗುತ್ತದೆ. ಅದರ ಪಶ್ಚಿಮಕ್ಕಿರುವ ಗ್ರೂಮ್ ಬೆಟ್ಟಸಾಲಿನ ಆಚೆಗೇ ಅಮೆರಿಕ ವಾಯುಪಡೆಯ ‘ಏರಿಯಾ 51’ ಇದೆ. ಹಾರುವ ತಟ್ಟೆಗಳ ಕಥೆ ಕೇಳಿದವರು ಕಣಿವೆ ಹಾಯುವ 375ನೇ ರಾಜ್ಯ ಹೆದ್ದಾರಿಗೆ ಬಂದು ಹೋಗುತ್ತಾರೆ. ಜೀವವಿಜ್ಞಾನಿಗಳು ಅಲ್ಲಿಗೆ ಬರುವುದು ಬೇರೆ ಕಾರಣಕ್ಕೆ. ಮೊಹಾವೆ ಮರುಭೂಮಿಯ ಹೆಗ್ಗುರುತಾದ ಜೋಶುವಾ ಮರದಲ್ಲಿ ಪೂರ್ವದ್ದು, ಪಶ್ಚಿಮದ್ದು ಎಂದು ಎರಡು ಬಗೆ. ಈ ಎರಡೂ ಅಕ್ಕಪಕ್ಕ ಬೆಳೆದು ಬೆರೆಯುವ ಜಾಗವೆಂದರೆ ಈ ಕಣಿವೆ. ಎರಡು ಮರಗಳಿಗೂ ಒಂದೊಂದು ಪತಂಗ ಉಂಟು. ಇವಲ್ಲದೆ ಬೇರಾವ ಕೀಟವೂ ಆ ಮರಗಳಿಗೆ ಪರಾಗಸ್ಪರ್ಶ ಮಾಡುವುದಿಲ್ಲ. ಮರಿಗಳನ್ನು ಬೆಳೆಸಲು ಈ ಪತಂಗಗಳಿಗೂ ಬೇರೆ ಗಿಡವಿಲ್ಲ.

ಪಶ್ಚಿಮದ ಪತಂಗದ ಹೆಸರು ಟೆಜೆಟಿಕುಲಾ ಸಿಂಥೆಟಿಕಾ. 1892ರಲ್ಲೇ ಅದಕ್ಕೆ ಹೆಸರಿಟ್ಟಿದ್ದರು. ಪೂರ್ವದ್ದು ಟೆಜೆಟಿಕುಲಾ ಆಂಟಿಥೆಟಿಕಾ. ಅದಕ್ಕೆ ಹೆಸರು ಬಂದದ್ದು 2003ರಲ್ಲಿ. ಅಷ್ಟು ಕಾಲವೂ ಅದು ಮರದ ಮೇಲೇ ಇತ್ತು, ಸಂಗ್ರಹಾಲಯಗಳ ಪೆಟ್ಟಿಗೆಗೂ ಸೇರಿತ್ತು. ಆದರೆ ಎಲ್ಲರೂ ಅದನ್ನು ಸಿಂಥೆಟಿಕಾ ಎಂದೇ ತಿಳಿದಿದ್ದರು. ರೆಕ್ಕೆಯ ಉದ್ದ ಸುಮಾರು ಒಂದು ಸೆಂಟಿಮೀಟರ್, ಬಣ್ಣ ಕಪ್ಪು ಬೂದು, ದೀಪಕ್ಕೆ ಬಂದು ಮುತ್ತುವ ಸಾವಿರ ಪತಂಗಗಳ ನಡುವೆ ಯಾರೂ ಎರಡನೇ ಸಲ ನೋಡದಂಥ ರೂಪ. ನಾನು ಈ ಪ್ರಕರಣವನ್ನು ಬರೆಯಲು ಹೊರಟದ್ದು ಮುಖ್ಯವಾಗಿ ಈ ಎರಡನೆಯ ಪತಂಗಕ್ಕಾಗಿ. ಜೋಶುವಾ ಮರದ ಬಗ್ಗೆ ಬರೆದವರು ಬೇಕಾದಷ್ಟಿದ್ದಾರೆ. ಆ ಮರಕ್ಕೆ ಬೀಜ ಕೊಡುವ ಜೀವದ ಬಗ್ಗೆ ಬರೆದವರು ಬೆರಳೆಣಿಕೆಯಷ್ಟು.

ಪ್ರಕರಣದ ಪ್ರಶ್ನೆ ಇಷ್ಟು. ಒಂದು ಮರ ಎರಡಾದದ್ದಕ್ಕೆ ಈ ಪತಂಗಗಳೇ ಕಾರಣವೇ? ಎರಡು ಮರಗಳ ಹೂಗಳು ಬೆರೆಯಲು ಅವಕಾಶವಿರುವ ಕಡೆಯಲ್ಲೂ ಅವು ಪೂರ್ತಿ ಬೆರೆತು ಒಂದಾಗದಂತೆ ತಡೆಯುತ್ತಿರುವುದು ಪತಂಗದ ದೇಹದ ಅಳತೆಯೇ?

ಇದಕ್ಕೆ ಉತ್ತರ ಹುಡುಕುವ ಮೊದಲು ಯುಕ್ಕಾ ಮತ್ತು ಪತಂಗದ ನಂಟು ಎಂಥದ್ದೆಂದು ತಿಳಿಯಬೇಕು. ಯುಕ್ಕಾ ನಮ್ಮ ಹೊಲದ ಬೇಲಿಯ ಕತ್ತಾಳೆಗೆ ಹತ್ತಿರದ ಸಂಬಂಧಿ. ಕತ್ತಾಳೆಯೂ ಅಮೆರಿಕ ಖಂಡದಿಂದಲೇ ನಮ್ಮಲ್ಲಿಗೆ ಬಂದದ್ದು. ಜೋಶುವಾ ಮರವೂ ಯುಕ್ಕಾ ಕುಲದ್ದೇ. ಆ ಕುಲದಲ್ಲಿ ಎತ್ತರಕ್ಕೆ ಬೆಳೆಯುವ ಮರಗಳಲ್ಲಿ ಒಂದು. 1872ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ ವೈದ್ಯರೂ ಸಸ್ಯವಿಜ್ಞಾನಿಯೂ ಆಗಿದ್ದ ಜಾರ್ಜ್ ಎಂಗೆಲ್ಮನ್, ಯುಕ್ಕಾ ಹೂವಿನೊಳಗೆ ಬಿಳಿ ಪತಂಗಗಳು ಓಡಾಡುವುದನ್ನು ಗಮನಿಸಿದರು. ಅವುಗಳ ನೆರವಿಲ್ಲದೆ ಈ ಹೂ ಕಾಯಿ ಕಟ್ಟಲಾರದು ಎಂದು ಅವರಿಗೆ ಅನ್ನಿಸಿತು. ಮಿಸ್ಸೂರಿ ರಾಜ್ಯದ ಕೀಟತಜ್ಞ ಚಾರ್ಲ್ಸ್ ವ್ಯಾಲೆಂಟೈನ್ ರೈಲಿಗೆ ಅದನ್ನು ತಿಳಿಸಿದರು. ರೈಲಿ ರಾತ್ರಿ ಹೂವಿನ ಬಳಿ ಕೂತು ನೋಡಿ, ಕಂಡದ್ದನ್ನು ಬರೆದರು. ಎರಡು ವರ್ಷಗಳ ಮೇಲೆ ಚಾರ್ಲ್ಸ್ ಡಾರ್ವಿನ್ ತಮ್ಮ ಗೆಳೆಯ ಹೂಕರ್‌ಗೆ ಬರೆದ ಪತ್ರದಲ್ಲಿ, ಪರಾಗಸ್ಪರ್ಶದ ಬಗ್ಗೆ ಆವರೆಗೆ ಪ್ರಕಟವಾದುದರಲ್ಲೆಲ್ಲ ಇದೇ ಅತ್ಯಂತ ಅಚ್ಚರಿಯ ಸಂಗತಿ ಎಂದು ಹೊಗಳಿದರು.

ಡಾರ್ವಿನ್ ಬೆರಗಾದದ್ದಕ್ಕೆ ಕಾರಣವಿತ್ತು. ಜೇನುನೊಣ ಮಕರಂದಕ್ಕಾಗಿ ಹೂವಿಗೆ ಬರುತ್ತದೆ, ಮೈಗೆ ಅಂಟಿದ ಪರಾಗ ತಾನಾಗಿಯೇ ಇನ್ನೊಂದು ಹೂವಿಗೆ ತಲುಪುತ್ತದೆ. ಪರಾಗಸ್ಪರ್ಶ ಮಾಡಬೇಕೆಂದು ಜೇನುನೊಣ ಏನೂ ಮಾಡುವುದಿಲ್ಲ. ಯುಕ್ಕಾ ಪತಂಗದ ಹೆಣ್ಣು ಆ ಕೆಲಸವನ್ನೇ ಕೈಗೆತ್ತಿಕೊಂಡು ಮಾಡುತ್ತದೆ. ಅದರ ಬಾಯಿಯ ಪಕ್ಕದಲ್ಲಿ ಸುರುಳಿ ಸುತ್ತಿಕೊಳ್ಳುವ ಎರಡು ಮೀಸೆಯಂಥ ಅಂಗಗಳಿವೆ. ಗಂಡಿಗೆ ಇವಿಲ್ಲ, ಯುಕ್ಕಾ ಪತಂಗಗಳ ಗುಂಪನ್ನು ಬಿಟ್ಟರೆ ಬೇರೆ ಯಾವ ಕೀಟಕ್ಕೂ ಇಲ್ಲ. ಈ ಅಂಗಗಳಿಂದ ಹೆಣ್ಣು ಕೇಸರಗಳ ಪರಾಗವನ್ನು ಕೆರೆದು ತೆಗೆದು, ಉಂಡೆ ಕಟ್ಟಿ, ಗಲ್ಲದ ಕೆಳಗೆ ಒತ್ತಿ ಹಿಡಿದುಕೊಳ್ಳುತ್ತದೆ. ಆ ಉಂಡೆಯೊಂದಿಗೆ ಇನ್ನೊಂದು ಹೂವಿಗೆ ಹಾರುತ್ತದೆ. ಅಲ್ಲಿ ಹೊಟ್ಟೆಯ ತುದಿಯಲ್ಲಿರುವ, ಮೊಟ್ಟೆ ಇಡುವ ಸೂಜಿಯನ್ನು ಹೂವಿನ ಹೆಣ್ಣುಭಾಗಕ್ಕೆ ಚುಚ್ಚಿ ಮೊಟ್ಟೆ ಇಡುತ್ತದೆ. ಆಮೇಲೆ ಶಲಾಕಾಗ್ರದ, ಅಂದರೆ ಪರಾಗ ಬೀಳಬೇಕಾದ ಹೆಣ್ಣುಭಾಗದ ತುದಿಯ, ಮೇಲೆ ಹತ್ತಿ, ಉಂಡೆಯಿಂದ ಸ್ವಲ್ಪ ಪರಾಗ ತೆಗೆದು ಅಲ್ಲಿರುವ ಗುಳಿಯೊಳಗೆ ತುರುಕುತ್ತದೆ. ಮರಿಗಳು ತಿನ್ನುವುದು ಬೀಜ. ಪರಾಗ ಬೀಳದಿದ್ದರೆ ಬೀಜವಿಲ್ಲ, ಬೀಜವಿಲ್ಲದಿದ್ದರೆ ಮರಿಗಳಿಗೆ ಆಹಾರವಿಲ್ಲ. ತಾಯಿ ಪತಂಗವಂತೂ ತನ್ನ ಕೆಲವೇ ದಿನಗಳ ವಯಸ್ಕ ಜೀವನದಲ್ಲಿ ಏನೂ ತಿನ್ನುವುದಿಲ್ಲ.

ಮೊಟ್ಟೆಯೊಡೆದ ಮರಿಹುಳು ಬೆಳೆಯುತ್ತಿರುವ ಕಾಯಿಯೊಳಗೆ ಬೀಜದಿಂದ ಬೀಜಕ್ಕೆ ಕೊರೆಯುತ್ತ ಹೋಗುತ್ತದೆ. ಆದರೆ ಎಲ್ಲ ಬೀಜ ಮುಗಿಸುವುದಿಲ್ಲ. ಹೊಟ್ಟೆ ತುಂಬಿದ ಮೇಲೆ ಕಾಯಿಗೆ ತೂತು ಮಾಡಿ ಹೊರಬಿದ್ದು, ನೆಲಕ್ಕಿಳಿದು, ಮಣ್ಣಿನೊಳಗೆ ರೇಷ್ಮೆಯ ಗೂಡು ಕಟ್ಟಿ ಮಲಗುತ್ತದೆ. ಮುಂದಿನ ವರ್ಷವೇ ಏಳಬೇಕೆಂದಿಲ್ಲ. ಹೂ ಬಿಡದ ವರ್ಷಗಳನ್ನು ದಾಟಿ, ಹಲವು ವರ್ಷ ಮಣ್ಣಲ್ಲೇ ಇರಬಲ್ಲದು. ಇದೇ ಬಳಗದ ಪ್ರೊಡಾಕ್ಸಸ್ ವೈ-ಇನ್ವರ್ಸಸ್ ಎಂಬ ಪತಂಗದ ಮರಿಹುಳುಗಳನ್ನು ಕ್ಯಾಲಿಫೋರ್ನಿಯಾದ ಕೀಟವಿಜ್ಞಾನಿ ಜೆರ್ರಿ ಪೊವೆಲ್ ಕಾಪಿಟ್ಟಿದ್ದರು. ಅವುಗಳಲ್ಲಿ ಕೆಲವು 30 ವರ್ಷಗಳ ನಂತರ ರೆಕ್ಕೆ ಬಂದು ಹೊರಬಂದವು. ಕೀಟಗಳಲ್ಲಿ ದಾಖಲಾದ ಅತಿ ದೀರ್ಘ ಸುಪ್ತಾವಸ್ಥೆಯೆಂದು ಅವರು 2001ರಲ್ಲಿ ಅದನ್ನು ವರದಿ ಮಾಡಿದರು. ಜೋಶುವಾ ಮರದ ಪತಂಗಗಳು ಅಷ್ಟು ಕಾಲ ಮಲಗುತ್ತವೆ ಎಂದು ನಾನು ಹೇಳುತ್ತಿಲ್ಲ. ಈ ಬಳಗಕ್ಕೆ ಕಾಯುವ ಶಕ್ತಿ ಎಷ್ಟಿದೆ ಎಂಬುದಕ್ಕೆ ಅದೊಂದು ಸಾಕ್ಷಿ.

ನಮ್ಮವರಿಗೆ ಇದು ಪೂರ್ತಿ ಹೊಸದಲ್ಲ. ಅತ್ತಿ ಹಣ್ಣು ಬಿಡಿಸಿದರೆ ಒಳಗೆ ಹುಳ ಎಂಬುದು ಹಳ್ಳಿಯ ಮಕ್ಕಳಿಗೂ ಗೊತ್ತು. ಆ ‘ಹುಳ’ಗಳಲ್ಲಿ ಒಂದು ಜಾತಿಯ ಪುಟ್ಟ ಕಣಜವೇ ಅತ್ತಿಯ ಪರಾಗವನ್ನು ಹೊತ್ತು ತಂದು, ಒಳಗಿನ ಹೂಗಳಿಗೆ ಹಚ್ಚಿ, ಅಲ್ಲೇ ಮೊಟ್ಟೆ ಇಡುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೆನೀ ಬೋರ್ಜಸ್ ಮತ್ತು ಅವರ ಸಂಗಡಿಗರು ಅತ್ತಿ ಮತ್ತು ಕಣಜಗಳ ಈ ಬದುಕನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿದ್ದಾರೆ. ಪರಾಗಸ್ಪರ್ಶದ ಪುಸ್ತಕಗಳಲ್ಲಿ ಅತ್ತಿ–ಕಣಜ, ಯುಕ್ಕಾ–ಪತಂಗ ಎಂಬ ಎರಡು ಉದಾಹರಣೆಗಳು ಜೊತೆಯಾಗಿಯೇ ಬರುತ್ತವೆ. ಎರಡರಲ್ಲೂ ಕೂಲಿ ಒಂದೇ: ಮಕ್ಕಳಿಗೆ ಊಟ.

ಇಂಥ ನಂಟಿನಲ್ಲಿ ಮೋಸಕ್ಕೂ ಜಾಗವಿದೆ. ಹೆಚ್ಚು ಮೊಟ್ಟೆ ಇಟ್ಟರೆ ಪತಂಗಕ್ಕೆ ಲಾಭ, ಗಿಡಕ್ಕೆ ನಷ್ಟ. ಇನ್ನೊಂದು ಯುಕ್ಕಾ ಪ್ರಭೇದದಲ್ಲಿ ಓಲೆ ಪೆಲ್ಮಿರ್ ಮತ್ತು ಚಾಡ್ ಹತ್ 1994ರಲ್ಲಿ ತೋರಿಸಿದಂತೆ, ವಿಪರೀತ ಮೊಟ್ಟೆ ಬಿದ್ದ ಹೂಗಳನ್ನು ಗಿಡವೇ ಉದುರಿಸಿಬಿಡುತ್ತದೆ. ಹೂವಿನ ಜೊತೆಗೆ ಮೊಟ್ಟೆಗಳೂ ಹಾಳಾಗುತ್ತವೆ. ಯಾವ ಹೂ ಉಳಿಯುತ್ತದೆ, ಯಾವುದು ಉದುರುತ್ತದೆ ಎಂಬುದು ಪತಂಗದ ವಂಶ ಮುಂದುವರಿಯುವುದನ್ನು ತೀರ್ಮಾನಿಸುತ್ತದೆ. ಟಿಕಬೂ ಪ್ರಕರಣ ಅರ್ಥವಾಗಬೇಕಾದರೆ ಈ ಸಂಗತಿ ಮನಸ್ಸಿನಲ್ಲಿರಬೇಕು.

ಇನ್ನು ಮರಗಳ ವಿಚಾರ. ಪಶ್ಚಿಮದ ಜೋಶುವಾ ಮರ ಎತ್ತರ. ಕಾಂಡ ನೆಲದಿಂದ ಮೇಲೆ ಸಾಕಷ್ಟು ದೂರ ಹೋಗಿ ಕೊಂಬೆಯೊಡೆಯುತ್ತದೆ, ಎಲೆಗಳು ಉದ್ದ. ಪೂರ್ವದ್ದು ಗಿಡ್ಡ, ಬುಡದ ಹತ್ತಿರದಿಂದಲೇ ಕವಲು, ಎಲೆಗಳು ಚಿಕ್ಕವು. ಸಸ್ಯವಿಜ್ಞಾನಿ ಸೂಸನ್ ಮೆಕೆಲ್ವಿ 1935ರಲ್ಲಿ ಪೂರ್ವದ್ದನ್ನು ಬೇರೆ ಬಗೆಯೆಂದು ಗುರುತಿಸಿ, ಮರುಭೂಮಿಯ ಪ್ರಕೃತಿತಜ್ಞ ಎಡ್ಮಂಡ್ ಯೇಗರ್ ಅವರ ಹೆಸರಿಟ್ಟರು. 2007ರಲ್ಲಿ ಲೀ ಲೆನ್ಜ್ ಅದನ್ನು ಸ್ವತಂತ್ರ ಪ್ರಭೇದದ ಮಟ್ಟಕ್ಕೇರಿಸಿದರು. ಈಗ ಪಶ್ಚಿಮದ್ದು ಯುಕ್ಕಾ ಬ್ರೆವಿಫೋಲಿಯಾ, ಪೂರ್ವದ್ದು ಯುಕ್ಕಾ ಯೇಗರಿಯಾನಾ. ಜೋಶುವಾ ಟ್ರೀ ರಾಷ್ಟ್ರೀಯ ಉದ್ಯಾನದಲ್ಲಿ ಪ್ರವಾಸಿಗರು ಪಕ್ಕದಲ್ಲಿ ನಿಂತು ಚಿತ್ರ ತೆಗೆಸಿಕೊಳ್ಳುವ ಮರಗಳು ಪಶ್ಚಿಮದವು.

2003ರಲ್ಲಿ ಪೆಲ್ಮಿರ್ ಮತ್ತು ಕ್ಯಾರಿ ಸೆಗ್ರೇವ್ಸ್ ಎರಡೂ ಕಡೆಯ ಪತಂಗಗಳನ್ನು ಅಳೆದು, ಡಿಎನ್‌ಎ ಹೋಲಿಸಿ, ಇವು ಒಂದೇ ಪ್ರಭೇದವಲ್ಲ ಎಂದು ತೋರಿಸಿದರು. ಪೆಲ್ಮಿರ್‌ಗೆ ಇಂಥ ಕೆಲಸ ಹೊಸದಲ್ಲ. ಒಂದೇ ಪತಂಗವೆಂದು ನೂರಕ್ಕೂ ಹೆಚ್ಚು ವರ್ಷ ನಂಬಿದ್ದ ಟೆಜೆಟಿಕುಲಾ ಯುಕ್ಕಾಸೆಲ್ಲಾವನ್ನು 1999ರಲ್ಲಿ ಹತ್ತಕ್ಕೂ ಹೆಚ್ಚು ಪ್ರಭೇದಗಳಾಗಿ ಬಿಡಿಸಿಟ್ಟವರು ಅವರು. ಪೂರ್ವದ ಪತಂಗ ದೇಹದಲ್ಲಿ ಚಿಕ್ಕದು. ಅದಕ್ಕಿಂತ ಮುಖ್ಯವಾಗಿ, ಅದರ ಮೊಟ್ಟೆ ಇಡುವ ಸೂಜಿ ಗಿಡ್ಡ.

ಪ್ರಕರಣದ ಕೀಲಿ ಇರುವುದು ಈ ಸೂಜಿಯಲ್ಲಿ. ಜೋಶುವಾ ಹೂವಿನಲ್ಲಿ ಶಲಾಕಾಗ್ರದಿಂದ ಕೆಳಗೆ ಬೀಜವಾಗಬೇಕಾದ ಅಂಡಕಗಳವರೆಗೆ, ಶಲಾಕೆಯೆಂಬ ಭಾಗದ ಒಳಗಿಂದ, ಒಂದು ನಾಳ ಇಳಿಯುತ್ತದೆ. ಆ ದಾರಿಯ ಉದ್ದ ಪಶ್ಚಿಮದ ಮರದಲ್ಲಿ ಹೆಚ್ಚು, ಪೂರ್ವದ ಮರದಲ್ಲಿ ಕಡಿಮೆ. ಉದ್ದ ನಾಳದ ಮರಕ್ಕೆ ಉದ್ದ ಸೂಜಿಯ ಪತಂಗ, ಗಿಡ್ಡ ನಾಳದ ಮರಕ್ಕೆ ಗಿಡ್ಡ ಸೂಜಿಯದು. ವಿಲಿಯಂ ಗಾಡ್ಸೋ, ಜೆರೆಮಿ ಯೋಡರ್, ಕ್ರಿಸ್ಟೋಫರ್ ಸ್ಮಿತ್ ಮತ್ತು ಪೆಲ್ಮಿರ್ 2008ರಲ್ಲಿ ಎರಡೂ ಮರಗಳ ಎಲೆ, ಕಾಂಡ, ಹೂವಿನ ಭಾಗಗಳನ್ನೆಲ್ಲ ಅಳೆದರು. ಎರಡರ ನಡುವೆ ಅತಿ ಹೆಚ್ಚು ವ್ಯತ್ಯಾಸ ಕಂಡದ್ದು ಬೇರೆಲ್ಲೂ ಅಲ್ಲ, ಪತಂಗದ ಸೂಜಿ ಹಾದುಹೋಗುವ ಆ ಶಲಾಕೆಯ ಉದ್ದದಲ್ಲಿ. ಮರ ಎರಡಾಗುವಾಗ ಎಲ್ಲ ಅಂಗಗಳೂ ಸಮವಾಗಿ ಬದಲಾಗಿಲ್ಲ. ಪತಂಗ ಮುಟ್ಟುವ ಅಂಗ ಎಲ್ಲಕ್ಕಿಂತ ಹೆಚ್ಚು ಬದಲಾಗಿದೆ.

ಇಷ್ಟರಿಂದಲೇ ಪತಂಗವೇ ಕಾರಣ ಎನ್ನಲಾಗದು. ಯಾರೇ ಆದರೂ ಕೇಳಬಹುದಾದ ಪ್ರಶ್ನೆ: ಪೂರ್ವ ಮೊಹಾವೆಯ ಹವಾಮಾನ ಬೇರೆ, ಪಶ್ಚಿಮದ್ದು ಬೇರೆ; ಮಳೆ ಬೀಳುವ ಕಾಲವೂ ಬೇರೆ. ಮರಗಳು ತಮ್ಮ ನೆಲಕ್ಕೆ ಹೊಂದಿಕೊಳ್ಳುತ್ತ ಬೇರೆಯಾಗಿದ್ದರೆ? ಅದೇ ತಂಡ 2009ರಲ್ಲಿ ಇದನ್ನೂ ಪರೀಕ್ಷಿಸಿತು. ಎರಡೂ ಮರಗಳು ಬೆಳೆಯುವ ಜಾಗಗಳ ಹವಾಮಾನದ ಮಾಹಿತಿ ಇಟ್ಟುಕೊಂಡು, ಒಂದರ ಹವಾಮಾನದಿಂದ ಇನ್ನೊಂದರ ನೆಲೆಯನ್ನು ಊಹಿಸಬಹುದೇ ಎಂದು ಲೆಕ್ಕ ಹಾಕಿದರು. ಹವಾಮಾನದ ವ್ಯತ್ಯಾಸವೊಂದೇ ಈ ಇಬ್ಭಾಗವನ್ನು ವಿವರಿಸುವುದಿಲ್ಲ ಎಂಬುದು ಅವರ ತೀರ್ಮಾನ. ಈ ಅಧ್ಯಯನ ಅಷ್ಟಾಗಿ ಸುದ್ದಿಯಾಗಲಿಲ್ಲ. ನನಗೆ ಮಾತ್ರ ಇಡೀ ಸರಣಿಯಲ್ಲಿ ಇದು ಅತ್ಯಂತ ಪ್ರಾಮಾಣಿಕ ಹೆಜ್ಜೆಯೆನಿಸುತ್ತದೆ. ತಮಗೆ ಇಷ್ಟವಾದ ವಿವರಣೆಯ ಎದುರಾಳಿಯನ್ನು ತಾವೇ ಎದುರಿಗೆ ತಂದು ನಿಲ್ಲಿಸಿದರಲ್ಲ, ಅದಕ್ಕಾಗಿ.

ಅದೇ ವರ್ಷ ಟಿಕಬೂ ಕಣಿವೆಯ ಪ್ರಯೋಗದ ಫಲಿತಾಂಶವೂ ಬಂತು. ಪ್ರಯೋಗ ಎಂದೆನಾದರೂ ಇಲ್ಲಿ ಮನುಷ್ಯರು ಹೂಡಿದ್ದೇನೂ ಇಲ್ಲ. ಎರಡು ಮರಗಳನ್ನೂ ಎರಡು ಪತಂಗಗಳನ್ನೂ ಒಂದೇ ಮಣ್ಣಿನಲ್ಲಿ, ಒಂದೇ ಮಳೆಯಲ್ಲಿ ಪ್ರಕೃತಿಯೇ ತಂದು ಕೂರಿಸಿದೆ. ಯಾವ ಪತಂಗ ಯಾವ ಮರದ ಹೂವಿಗೆ ಬರುತ್ತದೆ, ಬಂದು ಮೊಟ್ಟೆ ಇಟ್ಟರೆ ಎಷ್ಟು ಮರಿಗಳು ಬದುಕುತ್ತವೆ ಎಂದು ಎಣಿಸುವುದಷ್ಟೇ ವಿಜ್ಞಾನಿಗಳ ಕೆಲಸ. ಹೇಳಲು ಸುಲಭ. ಕಾಯಿಯೊಳಗಿನ ಮರಿಹುಳು ಯಾವ ಪ್ರಭೇದದ್ದೆಂದು ಕಣ್ಣಿಗೆ ಗೊತ್ತಾಗುವುದಿಲ್ಲ. ಸ್ಮಿತ್ ಮತ್ತು ಸಂಗಡಿಗರು ಪ್ರತಿ ಹುಳುವಿನ ಡಿಎನ್‌ಎ ಓದಿ ಪ್ರಭೇದ ಗುರುತಿಸಿದರು. ಅಷ್ಟಕ್ಕೇ ನಿಲ್ಲದೆ, ಯಾವ ಹುಳುಗಳು ಒಂದೇ ತಾಯಿಯ ಮಕ್ಕಳು ಎಂಬುದನ್ನೂ ಡಿಎನ್‌ಎಯಿಂದಲೇ ಲೆಕ್ಕ ಹಾಕಿದರು. ಆಗಲೇ ಒಂದು ತಾಯಿ ತನ್ನ ಮರದಲ್ಲಿ ಎಷ್ಟು ಮಕ್ಕಳನ್ನು ಪಡೆಯುತ್ತದೆ, ಅನ್ಯ ಮರದಲ್ಲಿ ಎಷ್ಟು ಎಂಬುದು ತಿಳಿಯುವುದು.

ಕಂಡದ್ದು ಹೀಗೆ. ಅನ್ಯ ಮರಕ್ಕೆ ಹೋದ ಪತಂಗಕ್ಕೆ ಮಕ್ಕಳು ಕಡಿಮೆ. ಆದರೆ ಎರಡು ಪತಂಗಗಳ ನಡತೆ ಒಂದೇ ಅಲ್ಲ. ದೊಡ್ಡದಾದ ಪಶ್ಚಿಮದ ಪತಂಗ ತನ್ನ ಮರಕ್ಕೆ ಅಂಟಿಕೊಂಡಿರುತ್ತದೆ. ಚಿಕ್ಕದಾದ ಆಂಟಿಥೆಟಿಕಾ ಅಷ್ಟು ಕಟ್ಟುನಿಟ್ಟಲ್ಲ. ಪಶ್ಚಿಮದ ಮರಕ್ಕೂ ಹೋಗಿ ಮೊಟ್ಟೆ ಇಡುತ್ತದೆ, ಅಲ್ಲಿ ಕೆಲವು ಮಕ್ಕಳನ್ನೂ ಪಡೆಯುತ್ತದೆ.

ಈ ಅಸಮಾನತೆಯ ಗುರುತು ಮರಗಳ ಮೈಯಲ್ಲೂ ಇದೆ. ಹಸಿರು ಎಲೆಯ ಜೀವಕೋಶದಲ್ಲಿರುವ ಕ್ಲೋರೋಪ್ಲಾಸ್ಟ್‌ಗೆ ತನ್ನದೇ ಡಿಎನ್‌ಎ ಉಂಟು, ಅದು ತಾಯಿಮರದಿಂದ ಬೀಜದ ಮೂಲಕ ಬರುತ್ತದೆ. ಪರಾಗ ಅದನ್ನು ಒಯ್ಯುವುದಿಲ್ಲ. ಈಗ ಆಂಟಿಥೆಟಿಕಾ ಪೂರ್ವದ ಮರದ ಪರಾಗ ಹೊತ್ತು ಪಶ್ಚಿಮದ ಮರಕ್ಕೆ ಬಂತೆಂದುಕೊಳ್ಳಿ. ಹುಟ್ಟುವ ಮಿಶ್ರ ಸಸಿಯ ಕ್ಲೋರೋಪ್ಲಾಸ್ಟ್ ತಾಯಿಯದು, ಅಂದರೆ ಪಶ್ಚಿಮದ್ದು. ಆ ಸಸಿ ಬೆಳೆದು ಹೂ ಬಿಟ್ಟಾಗ ಮತ್ತೆ ಆಂಟಿಥೆಟಿಕಾವೇ ಪೂರ್ವದ ಪರಾಗ ತಂದರೆ, ತಲೆಮಾರು ಕಳೆದಂತೆ ರೂಪ ಪೂರ್ವದ್ದಾಗುತ್ತದೆ, ಒಳಗಿನ ಕ್ಲೋರೋಪ್ಲಾಸ್ಟ್ ಪಶ್ಚಿಮದ್ದೇ ಉಳಿಯುತ್ತದೆ. ಕ್ಲೋರೋಪ್ಲಾಸ್ಟ್ ಪಶ್ಚಿಮದಿಂದ ಪೂರ್ವಕ್ಕೆ ಹರಿದಿರುವುದೇ ಅಧ್ಯಯನದಲ್ಲಿ ಕಂಡಿತು. ಪತಂಗ ಯಾವ ಕಡೆಗೆ ತಪ್ಪು ದಾರಿ ತುಳಿಯುತ್ತದೋ ಅದಕ್ಕೆ ತಕ್ಕ ಹಾಗೆ ಮರಗಳ ವಂಶವಾಹಿಗಳ ಹರಿವೂ ಇದೆ. 2013ರಲ್ಲಿ ಟೈಲರ್ ಸ್ಟಾರ್ ಮತ್ತು ಸಂಗಡಿಗರು ಮಿಶ್ರಮರಗಳನ್ನು ಇನ್ನಷ್ಟು ವಿವರವಾಗಿ ನೋಡಿದಾಗಲೂ ಬೆರಕೆ ಎರಡು ದಿಕ್ಕಿನಲ್ಲಿ ಸಮನಾಗಿಲ್ಲ, ಅದು ಪತಂಗಗಳ ನಡತೆಯನ್ನೇ ಹೋಲುತ್ತದೆ ಎಂಬ ನಿರ್ಣಯಕ್ಕೆ ಬಂದರು.

ಇಷ್ಟೆಲ್ಲ ಆದರೂ ಒಂದು ದೊಡ್ಡ ಕೊರತೆ ಉಳಿದಿತ್ತು. ಆಂಟಿಥೆಟಿಕಾ ಪರಾಗಸ್ಪರ್ಶ ಮಾಡುವುದನ್ನು, ಮೊಟ್ಟೆ ಇಡುವುದನ್ನು ಯಾರೂ ಕಣ್ಣಾರೆ ಕಂಡು ದಾಖಲಿಸಿರಲಿಲ್ಲ! ಅದರ ಡಿಎನ್‌ಎ ಗೊತ್ತು, ಸೂಜಿಯ ಉದ್ದ ಗೊತ್ತು, ಮಕ್ಕಳ ಲೆಕ್ಕ ಗೊತ್ತು. ಸೂಜಿ ಹೂವಿನ ಯಾವ ಭಾಗಕ್ಕೆ ಇಳಿಯುತ್ತದೆ ಎಂಬುದು ಮಾತ್ರ ಅದರ ಸಂಬಂಧಿಗಳನ್ನು ನೋಡಿ ಮಾಡಿದ ಊಹೆ. ಶಲಾಕೆಯ ಉದ್ದಕ್ಕೂ ಸೂಜಿಯ ಉದ್ದಕ್ಕೂ ನಂಟಿದೆ ಎಂಬ ವಾದವೆಲ್ಲ ಆ ಊಹೆಯ ಮೇಲೆ ನಿಂತಿತ್ತು. ಸೂಜಿ ಶಲಾಕೆಯನ್ನು ಹಾಯದೆ ಅಂಡಾಶಯದ ಪಕ್ಕಕ್ಕೆ ನೇರವಾಗಿ ಇಳಿಯುತ್ತಿದ್ದರೆ, ಕೆಲವು ಯುಕ್ಕಾ ಪತಂಗಗಳು ಹಾಗೆಯೇ ಮಾಡುತ್ತವೆ, ಶಲಾಕೆಯ ಉದ್ದಕ್ಕೆ ಅರ್ಥವೇ ಇರುತ್ತಿರಲಿಲ್ಲ.

ಯಾಕೆ ಯಾರೂ ನೋಡಿರಲಿಲ್ಲ? ಪತಂಗ ಚಿಕ್ಕದು, ಹೂವಿನ ದಪ್ಪ ದಳಗಳ ಒಳಗೆ ಅಡಗಿ ಕೆಲಸ ಮಾಡುತ್ತದೆ, ಹೂ ಗೊಂಚಲು ಕೊಂಬೆಯ ತುದಿಯಲ್ಲಿ ಚೂಪು ಎಲೆಗಳ ನಡುವೆ ಇರುತ್ತದೆ. ಹೂಬಿಡುವ ಕಾಲ ಕೆಲವೇ ವಾರ. ಪ್ರತಿ ವರ್ಷ ಹೂ ಬರುವುದೂ ಇಲ್ಲ. ಮಳೆ, ಚಳಿ ಎರಡೂ ಹದವಾಗಿ ಕೂಡಿದ ವರ್ಷಕ್ಕೆ ಕಾಯಬೇಕು. ಕೊನೆಗೆ 2017ರಲ್ಲಿ ಕೋಲ್, ಜೇಮ್ಸ್ ಮತ್ತು ಸ್ಮಿತ್ ಆಂಟಿಥೆಟಿಕಾದ ನಡವಳಿಕೆಯ ಮೊದಲ ದಾಖಲೆ ಪ್ರಕಟಿಸಿದರು. ಅದು ಸೂಜಿಯನ್ನು ಶಲಾಕೆಯ ಮೂಲಕವೇ ಇಳಿಸುತ್ತದೆ. ಊಹೆ ನಿಜವಾಗಿತ್ತು. ಡಾರ್ವಿನ್ ಹೊಗಳಿದ ಬಳಗದ ಒಂದು ಜೀವಿಯ ಮೂಲ ನಡತೆಯನ್ನು ಕಾಣಲು ರೈಲಿಯ ಕಾಲದಿಂದ ಸುಮಾರು ನೂರನಲವತ್ತೈದು ವರ್ಷ ಬೇಕಾಯಿತು ಎಂಬುದು ನನ್ನನ್ನು ತುಂಬ ಕಾಡುತ್ತದೆ. ಉಪಕರಣದ ಕೊರತೆಯಿಂದ ತಡವಾದದ್ದಲ್ಲ ಇದು. ತಾಳ್ಮೆಯಿಂದ ಕೂತು ನೋಡುವುದೊಂದೇ ಬೇಕಿತ್ತು.

ಸೂಜಿ ಮತ್ತು ನಾಳದ ಅಳತೆ ತಾಳೆಯಾಗದಿದ್ದರೆ ಏನಾಗುತ್ತದೆ? ಗಿಡ್ಡ ಸೂಜಿಯ ಆಂಟಿಥೆಟಿಕಾ ಪಶ್ಚಿಮದ ಮರದ ಉದ್ದ ನಾಳಕ್ಕೆ ಮೊಟ್ಟೆ ಇಟ್ಟರೆ, ಮೊಟ್ಟೆ ಅಂಡಕಗಳನ್ನು ತಲುಪದೆ ಮೇಲೆಯೇ ಉಳಿಯಬಹುದು. ಮರಿ ಹುಟ್ಟಿದರೂ ಬೀಜದವರೆಗೆ ಹೋಗುವುದು ಕಷ್ಟ. ಉದ್ದ ಸೂಜಿಯ ಸಿಂಥೆಟಿಕಾ ಪೂರ್ವದ ಮರದ ಗಿಡ್ಡ ನಾಳಕ್ಕೆ ಚುಚ್ಚಿದರೆ ಸೂಜಿ ಬೇಕಾದ್ದಕ್ಕಿಂತ ಆಳಕ್ಕಿಳಿದು ಅಂಡಕಗಳನ್ನೇ ಗಾಯಗೊಳಿಸಬಹುದು. ಗಾಯವಾದ ಹೂವನ್ನು ಮರ ಉದುರಿಸುತ್ತದೆ. ಎರಡನೆಯದು ಮೊದಲನೆಯದಕ್ಕಿಂತ ದೊಡ್ಡ ನಷ್ಟ; ದೊಡ್ಡ ಪತಂಗ ತನ್ನ ಮರವನ್ನು ಬಿಟ್ಟು ಹೋಗದಿರುವುದಕ್ಕೂ ಚಿಕ್ಕದು ಅಷ್ಟಿಷ್ಟು ಅಲೆದಾಡುವುದಕ್ಕೂ ಇದು ಹೊಂದುತ್ತದೆ. ಈ ವಿವರಣೆಯ ಪ್ರತಿ ಕೊಂಡಿಯನ್ನೂ ಪ್ರಯೋಗದಿಂದ ಸಾಧಿಸಿದ್ದಾರೆ ಎನ್ನಲಾರೆ. ಕೈಯಲ್ಲಿರುವ ಸಾಕ್ಷ್ಯಗಳಿಗೆಲ್ಲ ಒಪ್ಪುವ ವಿವರಣೆ ಇದು.

ಕಾಲದ ಲೆಕ್ಕ ಮಾತ್ರ ಸುಲಭಕ್ಕೆ ಒಪ್ಪುವುದಿಲ್ಲ, ಅದನ್ನು ಮುಚ್ಚಿಡುವುದು ಸರಿಯಲ್ಲ. ಮರ ಮತ್ತು ಪತಂಗ ಕೈಕೈ ಹಿಡಿದು ಏಕಕಾಲಕ್ಕೆ ಎರಡಾಗಿದ್ದರೆ ಎರಡರ ಡಿಎನ್‌ಎಯಲ್ಲೂ ಒಂದೇ ವಯಸ್ಸು ಕಾಣಬೇಕಿತ್ತು. 2008ರಲ್ಲಿ ಸ್ಮಿತ್ ತಂಡ ನೋಡಿದಾಗ ಮರಗಳ ಕ್ಲೋರೋಪ್ಲಾಸ್ಟ್ ವಂಶಾವಳಿಯ ಕವಲು ಪತಂಗಗಳ ಕವಲಿನ ಕಾಲಕ್ಕೆ ಕೂಡಿಬರಲಿಲ್ಲ. ಹಾಗಾಗಿ ‘ಪತಂಗ ಮರವನ್ನು ಸೀಳಿತು’ ಎಂದು ಒಂದೇ ವಾಕ್ಯದಲ್ಲಿ ಹೇಳುವ ಲೇಖನಗಳನ್ನು ನಾನು ಒಪ್ಪುವುದಿಲ್ಲ. ಇಬ್ಭಾಗ ಶುರುವಾದದ್ದು ಯಾವುದರಿಂದ ಎಂಬ ಪ್ರಶ್ನೆ ಬೇರೆ, ಇವತ್ತು ಅದನ್ನು ಉಳಿಸಿಕೊಂಡಿರುವುದು ಯಾವುದು ಎಂಬ ಪ್ರಶ್ನೆ ಬೇರೆ. ಎರಡನೆಯದಕ್ಕೆ ಉತ್ತರ ಗಟ್ಟಿಯಾಗಿದೆ. 2016ರಲ್ಲಿ ಆನ್ ರಾಯರ್, ಮ್ಯಾಥ್ಯೂ ಸ್ಟ್ರೈಸ್‌ಫೆಲ್ಡ್ ಮತ್ತು ಸ್ಮಿತ್ ಮರಗಳ ಇಡೀ ಜೀನೋಮಿನ ಉದ್ದಗಲಕ್ಕೂ ಸಾವಿರಾರು ಗುರುತುಗಳನ್ನು ಹೋಲಿಸಿದರು. ವಂಶವಾಹಿಗಳು ಆಚೀಚೆ ಹರಿಯುತ್ತಿದ್ದರೂ ಎರಡು ಮರಗಳ ವ್ಯತ್ಯಾಸ ಅಳಿಸಿಹೋಗಿಲ್ಲ. ಅದನ್ನು ಕಾಯುತ್ತಿರುವುದು ನಿಸರ್ಗದ ಆಯ್ಕೆ ಎಂದು ಅವರು ತೋರಿಸಿದರು.

ಇಲ್ಲಿಯವರೆಗಿನದು ವಿಜ್ಞಾನದ ಪ್ರಶ್ನೆ. 2020ರ ಆಗಸ್ಟ್‌ನಲ್ಲಿ ಅದು ಉಳಿವಿನ ಪ್ರಶ್ನೆಯೂ ಆಯಿತು. ಕ್ಯಾಲಿಫೋರ್ನಿಯಾದ ಮೊಹಾವೆ ರಾಷ್ಟ್ರೀಯ ಸಂರಕ್ಷಿತ ಪ್ರದೇಶದಲ್ಲಿ ಸೀಮಾ ಡೋಮ್ ಎಂಬ ಗುಮ್ಮಟದಂಥ ದಿಬ್ಬವಿದೆ. ಅದರ ಮೇಲಿದ್ದದ್ದು ಜಗತ್ತಿನ ಅತಿ ದಟ್ಟ ಜೋಶುವಾ ಕಾಡುಗಳಲ್ಲೊಂದು, ಪೂರ್ವದ ಮರಗಳದ್ದು. ಸಿಡಿಲು ಹೊತ್ತಿಸಿದ ಬೆಂಕಿ 43,000 ಎಕರೆಗೂ ಹೆಚ್ಚು ಸುಟ್ಟಿತು. ಸತ್ತ ಜೋಶುವಾ ಮರಗಳ ಅಂದಾಜು ಸುಮಾರು 13 ಲಕ್ಷ. 2023ರ ಬೇಸಿಗೆಯಲ್ಲಿ ಯಾರ್ಕ್ ಬೆಂಕಿ ಅದೇ ಸಂರಕ್ಷಿತ ಪ್ರದೇಶದಿಂದ ನೆವಾಡಾದೊಳಕ್ಕೂ ಹಬ್ಬಿ 90,000ಕ್ಕೂ ಹೆಚ್ಚು ಎಕರೆ ತಿಂದಿತು. ಹೊರಗಿನಿಂದ ಬಂದ ಹುಲ್ಲು, ಗಿಡಗಳ ನಡುವಿನ ಬರಿನೆಲ ತುಂಬಿ ಒಣಗಿ ನಿಲ್ಲುತ್ತದೆ. ಮೊದಲಾದರೆ ಗಿಡದಿಂದ ಗಿಡಕ್ಕೆ ದಾಟಲಾಗದೆ ನಂದುತ್ತಿದ್ದ ಬೆಂಕಿಗೆ ಈಗ ದಾರಿ ಸಿಕ್ಕಿದೆ.

ಸುಟ್ಟ ಮರಗಳ ಲೆಕ್ಕ ಪತ್ರಿಕೆಗಳಲ್ಲಿ ಬಂತು. ಪತಂಗದ ಲೆಕ್ಕ ಯಾರೂ ಕೇಳಲಿಲ್ಲ. ಅದು ಆಂಟಿಥೆಟಿಕಾದ ನೆಲೆ. ಬೆಂಕಿ ಬಂದಾಗ ಅದರ ಮರಿಗಳು ಮರಗಳ ಕೆಳಗಿನ ಮಣ್ಣಿನಲ್ಲಿ ಗೂಡು ಕಟ್ಟಿ ಮಲಗಿರುವ ಕಾಲ. ಅವುಗಳಲ್ಲಿ ಕೆಲವು ಬದುಕಿ ಉಳಿದು, ಮುಂದಿನ ವಸಂತಗಳಲ್ಲಿ ಮೇಲೆ ಬಂದರೂ ಮೊಟ್ಟೆ ಇಡಲು ಹೂ ಬೇಕು. ಸೀಮಾ ಡೋಮ್‌ನಲ್ಲಿ ಸ್ವಯಂಸೇವಕರು ಹೊಸ ಸಸಿಗಳನ್ನು ನೆಟ್ಟಿದ್ದಾರೆ, ವಾಹನ ಹೋಗಬಾರದ ಜಾಗಗಳಿಗೆ ಒಂಟೆಗಳ ಮೇಲೆ ಸಸಿ ಹೊರಿಸಿದ್ದಾರೆ. ಅವರ ಶ್ರಮಕ್ಕೆ ನನ್ನ ಮನಃಪೂರ್ವಕ ಗೌರವವಿದೆ. ಆದರೆ ಜೋಶುವಾ ಮರ ವರ್ಷಕ್ಕೆ ಕೆಲವೇ ಸೆಂಟಿಮೀಟರ್ ಬೆಳೆಯುತ್ತದೆ. ಇವತ್ತು ನೆಟ್ಟ ಸಸಿ ಹೂ ಬಿಡಲು ದಶಕಗಳೇ ಬೇಕು. ಅಷ್ಟು ಕಾಲ ಮಣ್ಣಿನ ಗೂಡುಗಳನ್ನು ನಂಬಿ ಕೂರಲಾಗದು. ಆ ಸಸಿಗಳು ಹೂ ಬಿಟ್ಟಾಗ ಪತಂಗ ಬರಬೇಕಾದದ್ದು ಬೆಂಕಿ ಮುಟ್ಟದೆ ಉಳಿದ ಅಂಚಿನ ತೋಪುಗಳಿಂದ. ಹಾಗಾಗಿ ನನ್ನ ದೃಷ್ಟಿಯಲ್ಲಿ ಹೊಸ ಸಸಿಗಿಂತ ಮೊದಲು ಕಾಯಬೇಕಾದದ್ದು ಸುಟ್ಟ ನೆಲದ ನಡುವೆ ಹಸಿರಾಗಿ ಉಳಿದಿರುವ, ಈಗಲೇ ಹೂ ಬಿಡುತ್ತಿರುವ ಮರಗಳನ್ನು. ಅವುಗಳ ಸುತ್ತಲಿನ ಒಣಹುಲ್ಲು ತೆಗೆಯುವುದು ಸಸಿ ನೆಡುವಷ್ಟು ಕಣ್ಣಿಗೆ ಕಾಣುವ ಕೆಲಸವಲ್ಲ. ಆದರೂ ಪತಂಗ ಉಳಿಯುವುದು ಅದರಿಂದ.

ಪತಂಗ ತಪ್ಪಿದರೆ ಏನಾಗುತ್ತದೆಂದು ತೋರಿಸುವ ಅಧ್ಯಯನ ಪಶ್ಚಿಮದ ಮರದ್ದು. ಜೂನಿಪರ್ ಹ್ಯಾರೋವರ್ ಮತ್ತು ಗ್ರೆಗರಿ ಗಿಲ್ಬರ್ಟ್ 2018ರಲ್ಲಿ ಪ್ರಕಟಿಸಿದ ಕೆಲಸ, ಜೋಶುವಾ ಟ್ರೀ ರಾಷ್ಟ್ರೀಯ ಉದ್ಯಾನದಲ್ಲಿ ಕೆಳಗಿನ ಬಿಸಿ ಬಯಲಿನಿಂದ ಮೇಲಿನ ತಂಪು ಎತ್ತರದವರೆಗೆ ಮಾಡಿದ್ದು. ಮಧ್ಯದ ಎತ್ತರದಲ್ಲಿ ಮರಗಳೂ ಪತಂಗಗಳೂ ಹುಲುಸಾಗಿದ್ದವು, ಬೀಜವೂ ಚೆನ್ನಾಗಿತ್ತು. ಎರಡೂ ತುದಿಗಳಿಗೆ ಹೋದಂತೆ ಪತಂಗ ಕಡಿಮೆಯಾಗುತ್ತ ಬಂತು. ಮರಗಳು ನಿಂತೇ ಇದ್ದವು. ಬೇರಿನಿಂದ ಚಿಗುರಿ ಅವು ತಮ್ಮನ್ನು ತಾವು ಮುಂದುವರಿಸಬಲ್ಲವು, ಬೀಜದಿಂದ ಹೊಸ ಸಸಿ ಹುಟ್ಟುವುದಿಲ್ಲ. ಸೆಕೆ ಹೆಚ್ಚುತ್ತಿರುವ ಕಾಲದಲ್ಲಿ ಮರ ಮೇಲಿನ ತಂಪಿಗೆ ಸರಿಯಬೇಕಾದರೆ ಅದಕ್ಕೆ ಬೀಜ ಬೇಕು, ಬೀಜಕ್ಕೆ ಪತಂಗ ಬೇಕು. ಹತ್ತಿರ ಹೋಗದೆ ನೋಡಿದವರಿಗೆ ಪತಂಗವಿರುವ ಕಾಡೂ ಇಲ್ಲದ ಕಾಡೂ ಒಂದೇ ತರಹ ಕಾಣುತ್ತವೆ.

2023ರ ಜುಲೈನಲ್ಲಿ ಕ್ಯಾಲಿಫೋರ್ನಿಯಾ ರಾಜ್ಯ ಪಶ್ಚಿಮದ ಜೋಶುವಾ ಮರದ ರಕ್ಷಣೆಗೆಂದೇ ಕಾಯ್ದೆ ಮಾಡಿತು. ಅನುಮತಿಯಿಲ್ಲದೆ ಆ ಮರ ಕಡಿಯುವಂತಿಲ್ಲ, ಕಿತ್ತು ಬೇರೆಡೆ ನೆಡುವಂತಿಲ್ಲ. ಒಂದು ಮರಕ್ಕಾಗಿಯೇ ಕಾಯ್ದೆ ಬಂದದ್ದು ದೊಡ್ಡ ಹೆಜ್ಜೆ. ಅದು ಪೂರ್ವದ ಮರಕ್ಕೆ ಅನ್ವಯಿಸುವುದಿಲ್ಲ. ಅಮೆರಿಕ ಒಕ್ಕೂಟದ ಅಳಿವಿನಂಚಿನ ಜೀವಿಗಳ ಪಟ್ಟಿಯಲ್ಲಿ ಆಂಟಿಥೆಟಿಕಾ ಇಲ್ಲ.

ಪತಂಗದ ಮೇಲೆ ಕಣ್ಣಿಡಲು ದುಬಾರಿ ಸಲಕರಣೆ ಬೇಕಿಲ್ಲ ಎಂಬುದನ್ನು ಈ ಪ್ರಕರಣವೇ ಹೇಳಿಕೊಡುತ್ತದೆ. ಜೋಶುವಾ ಮರದಲ್ಲಿ ಕಾಯಿ ಕಟ್ಟಿದೆ ಎಂದರೆ ಆ ವಸಂತದಲ್ಲಿ ಅಲ್ಲಿಗೆ ಪತಂಗ ಬಂದಿತ್ತು ಎಂದೇ ಅರ್ಥ, ಬೇರೆ ಯಾರೂ ಆ ಕೆಲಸ ಮಾಡುವುದಿಲ್ಲವಲ್ಲ. ಕಾಯಿಯ ಮೇಲಿನ ತೂತು ಮರಿಹುಳು ಬೆಳೆದು ಹೊರಬಿದ್ದದ್ದಕ್ಕೆ ಗುರುತು. ಜೋಶುವಾ ಮರಗಳು ಯಾವ ಯಾವ ವರ್ಷ ಹೂ ಬಿಟ್ಟವೆಂದು ಲೆಕ್ಕ ಹಾಕಲು ಯೋಡರ್ ಮತ್ತು ಸಂಗಡಿಗರು ಐನ್ಯಾಚುರಲಿಸ್ಟ್ ತಾಣಕ್ಕೆ ಸಾಮಾನ್ಯ ಜನ ಹಾಕಿದ ಚಿತ್ರಗಳನ್ನು ಬಳಸಿದರು. ಆ ಅಧ್ಯಯನ 2024ರಲ್ಲಿ ಪ್ರಕಟವಾಯಿತು. ಅದೇ ದಾರಿಯಲ್ಲಿ ಸೀಮಾ ಡೋಮ್‌ನ ಸುಟ್ಟ ಅಂಚಿನ ಮರಗಳ ಕಾಯಿಗಳನ್ನೂ ವರ್ಷ ವರ್ಷ ಎಣಿಸಬಹುದು. ಹೂ ಬಿಟ್ಟೂ ಕಾಯಿ ಕಟ್ಟದ ಮರ ಎಲ್ಲಿ ಕಂಡರೂ ಅಲ್ಲಿ ಮೊದಲು ಕೇಳಬೇಕಾದದ್ದು ಆಂಟಿಥೆಟಿಕಾ ಎಲ್ಲಿ ಎಂದು.